ಉಪವಾಸಕ್ಕೆ ನಡೆಯುವ ಹಾಲು

ನನ್ನ ಮುಖದ ತುಂಬ ಮೊಡವೆ ಇದ್ದವು ಅಂದರೆ ಕೇಳಿದವರು "ಅಯ್ಯೋ, ಆ ವಯಸ್ಸಲ್ಲಿ ಯಾರಿಗಿರಲ್ಲ ಬಿಡಿ" ಅನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಇವತ್ತಿಗೂ ಸಿಟ್ಟು ನೆತ್ತಿಗೇರುತ್ತದೆ. ಹಬ್ಬದ ಹಿಂದಿನ ದಿನ ಮೂಗಿನ ತುದಿಗೆ ಒಂದು ಎದ್ದು, ಕನ್ನಡಿ ಮುಂದೆ ಗೊಣಗುವವರ ವಿಷಯ ಅಲ್ಲ ನಾನು ಹೇಳುತ್ತಿರುವುದು. ನನ್ನವು ಗಂಟುಗಳು. ಚರ್ಮದ ಅಡಿಯಲ್ಲಿ ಹುಣಸೆಬೀಜದಷ್ಟು ದಪ್ಪಗೆ ಬಾತು, ಕೆಂಪಗಾಗಿ, ಮುಟ್ಟಿದರೆ ಕಣ್ಣಲ್ಲಿ ನೀರು ಬರುವಂಥವು. ಒಂದು ಒಡೆದು, ಕೀವು ಸೋರಿ, ಒಣಗುವಷ್ಟರಲ್ಲಿ ಪಕ್ಕದಲ್ಲಿ ಇನ್ನೆರಡು. ಕೆನ್ನೆ ಮೇಲೆ, ದವಡೆ ಮೇಲೆ, ಗದ್ದದ ಕೆಳಗೆ, ಬೆನ್ನ ಮೇಲೆ. ಯಾವ ಮಗ್ಗುಲಿಗೂ ಮಲಗುವ ಹಾಗಿಲ್ಲ. ಖಡಕ್ ರೊಟ್ಟಿ ಅಗಿಯುವಾಗ ದವಡೆ ನೋಯುತ್ತಿತ್ತು, ಹಾಗಾಗಿ ಸಾರಲ್ಲಿ ನೆನೆಸಿ ತಿನ್ನುತ್ತಿದ್ದೆ.

ತೊಂಬತ್ತರ ದಶಕದ ನಡುವಿನ ವರ್ಷಗಳು. ನಮ್ಮ ಮನೆ ಶಿಕಾರಿಪುರದಲ್ಲಿ. ಅಪ್ಪಾಜಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ, ಅವ್ವನಿಗೆ ಹಿತ್ತಿಲಲ್ಲಿ ಒಂದು ಎಮ್ಮೆ. ನಾನು ಒಬ್ಬಳೇ ಮಗಳು, ಪಿಯುಸಿ ಎರಡನೇ ವರ್ಷ. ಹದಿನೈದಕ್ಕೆ ಶುರುವಾದದ್ದು ಹದಿನೇಳು ದಾಟುವಷ್ಟರಲ್ಲಿ ಮುಖವನ್ನು ಪೂರ್ತಿ ಹಿಡಿದಿತ್ತು. ಕಾಲೇಜಿನಲ್ಲಿ ಕೊನೆಯ ಬೆಂಚಿನ ಗೋಡೆ ಬದಿ ನನ್ನ ಜಾಗ. ಎಡಗೆನ್ನೆಯನ್ನು ಗೋಡೆ ನೋಡಿಕೊಳ್ಳುತ್ತಿತ್ತು, ಬಲಗೆನ್ನೆಗೆ ನನ್ನ ಅಂಗೈ. ಎರಡು ವರ್ಷ ನಾನು ಪಾಠ ಕೇಳಿದ್ದೆಲ್ಲ ಹಾಗೆ ಕೈ ಊರಿಕೊಂಡೇ. ಒಬ್ಬ ಮೇಷ್ಟ್ರು ನನಗೆ ನಿದ್ದೆಗಣ್ಣಿ ಎಂದು ಹೆಸರಿಟ್ಟಿದ್ದರು. ನಿದ್ದೆಗಣ್ಣಿಯೇ ಆಗಲಿ, ಪರವಾಗಿಲ್ಲ ಅಂದುಕೊಂಡಿದ್ದೆ.

ಊರಲ್ಲಿ ಎಲ್ಲರೂ ಡಾಕ್ಟರೇ. ಕಡಲೆಹಿಟ್ಟು ಹಚ್ಚು, ಗಂಧ ತೇದು ಹಚ್ಚು, ನಿಂಬೆಹಣ್ಣು ಹಿಂಡು, ಬೆಳಗ್ಗೆ ಎದ್ದ ಕೂಡಲೇ ಬಾಯಿ ತೊಳೆಯದೆ ನಿನ್ನ ಉಗುಳನ್ನೇ ಹಚ್ಚು. ಎಲ್ಲ ಹಚ್ಚಿದೆ. ನಿಂಬೆಹಣ್ಣು ಹಚ್ಚಿದ ದಿನ ಉರಿ ತಾಳಲಾರದೆ ಬಚ್ಚಲಲ್ಲಿ ಕುಣಿದಾಡಿಬಿಟ್ಟೆ. ಬೀದಿಯ ಹೆಂಗಸೊಬ್ಬಳು "ಮದುವಿ ಮಾಡ್ರಿ, ತಾನೇ ಹೋಗ್ತಾವೆ" ಎಂದಳು. ಇನ್ನೊಬ್ಬಳು "ಈ ಮುಖಕ್ಕೆ ಯಾರ್ ಬರ್ತಾರೆ ಮದುವಿಗೆ" ಎಂದು ಅಲ್ಲೇ ಉತ್ತರ ಕೊಟ್ಟಳು. ಇಬ್ಬರೂ ನಮ್ಮ ಕಟ್ಟೆಯ ಮೇಲೆ ಕೂತು, ನಮ್ಮದೇ ಚಹಾ ಕುಡಿಯುತ್ತಾ ಹೇಳಿದ್ದು! ಅವ್ವ ಮಾತ್ರ "ನನ್ನ ಮಗಳಿಗೇನಾಗೈತೆ, ಬಂಗಾರದಂಥಾಕಿ" ಅನ್ನುವಳು. "ಹೆತ್ತವರಿಗೆ ಹೆಗ್ಗಣ ಮುದ್ದು, ಸುಮ್ನಿರವ್ವ" ಎಂದು ನಾನು ಅವಳಿಗೇ ತಿರುಗಿ ಅನ್ನುತ್ತಿದ್ದೆ. ನನ್ನ ಬಾಯಿ ಆಗಲೂ ಹೀಗೇ ಇತ್ತು.

ಬಾಯಲ್ಲಿ ಹಾಗಂದರೂ ಅವ್ವನಿಗೆ ಒಳಗೆ ಹೆದರಿಕೆ ಹತ್ತಿತ್ತು. ಶಿವಮೊಗ್ಗದಿಂದ ಎರಡು ವಾರಕ್ಕೊಮ್ಮೆ ಒಬ್ಬ ಚರ್ಮದ ಡಾಕ್ಟರು ಬಂದು, ಒಂದು ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರುತ್ತಾರೆ ಎಂದು ಯಾರೋ ಹೇಳಿದ್ದೇ ತಡ, ನನ್ನನ್ನು ಹೊರಡಿಸಿದಳು. ಹೋಗಿ ನೋಡಿದರೆ ಮುಂಬಾಗಿಲಿಗೆ ದೊಡ್ಡ ಅಕ್ಷರದ ಬೋರ್ಡು: ಚರ್ಮ ಮತ್ತು ಗುಪ್ತರೋಗ ತಜ್ಞರು. ಅವ್ವ ನಿಂತಲ್ಲೇ ನಿಂತಳು.

"ಏ, ಈ ಬೋರ್ಡ್ ಕೆಳಗೆ ನೀ ಕುಂತಿದ್ದು ಯಾರಾದ್ರೂ ಕಂಡ್ರೆ ನಾಳೆ ಊರೆಲ್ಲ ಏನಂತೈತೆ?"

ನನ್ನ ತಲೆ ಮೇಲೆ ದುಪಟ್ಟಾ ಎಳೆದು, ಹಿಂದಿನ ಗಲ್ಲಿಯ ಚರಂಡಿ ದಾಟಿಸಿ, ಹಿಂಬಾಗಿಲಿಂದ ಒಳಗೆ ನುಗ್ಗಿಸಿದಳು. ಒಳಗೆ ಬೆಂಚಿನ ಮೇಲೆ ಕೂತವರೂ ಹಾಗೇ ಮುಸುಕು ಹಾಕಿಕೊಂಡಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಡಾಕ್ಟರು ನಡುವಯಸ್ಸಿನವರು, ಮಾತು ಕಡಿಮೆ. ಟಾರ್ಚ್ ಹಾಕಿ ನೋಡಿ, ಗಂಟುಗಳನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರು. ಮನೆಯವರಲ್ಲದ ಒಬ್ಬರು ನನ್ನ ಮುಖ ಮುಟ್ಟಿ ಎರಡು ವರ್ಷದ ಮೇಲಾಗಿತ್ತು, ನನಗೆ ಅಲ್ಲೇ ಅಳು ಬಂತು. "ಇದು ಕೊಳೆಯಿಂದ ಬಂದದ್ದಲ್ಲಮ್ಮ. ನಿನ್ನ ತಪ್ಪೂ ಅಲ್ಲ" ಎಂದರು. ಆಮೇಲೆ ಅವ್ವನ ಕಡೆ ತಿರುಗಿದರು. "ಆದ್ರೆ ತಡ ಮಾಡೋ ಹಾಗಿಲ್ಲ. ಇವು ಹೀಗೇ ಒಡೀತಾ ಹೋದ್ರೆ ಒಂದೊಂದೂ ಗುಂಡಿ ಬಿಟ್ಟು ಹೋಗುತ್ತೆ. ಮೊಡವೆಗೆ ಔಷಧಿ ಇದೆ, ಗುಂಡಿಗಿಲ್ಲ. ಒಂದಾರು ತಿಂಗಳಲ್ಲಿ ಹತೋಟಿಗೆ ತರಬೇಕು."

ಟೆಟ್ರಾಸೈಕ್ಲಿನ್ ಎಂಬ ಕ್ಯಾಪ್ಸೂಲು ಬರೆದರು, ಬೆಳಗ್ಗೆ ಒಂದು, ಸಂಜೆ ಒಂದು. ಹಚ್ಚಲು ಒಂದು ಟ್ಯೂಬು. "ಖಾಲಿ ಹೊಟ್ಟೆಲಿ ತಗೋಬೇಕು, ಮರೀಬಾರ್ದು" ಎಂದು ಎರಡು ಸಲ ಹೇಳಿದರು. ಅವ್ವ ಎರಡು ಸಲವೂ ತಲೆಯಾಡಿಸಿದಳು.

ಮೊದಲ ವಾರ ಕ್ಯಾಪ್ಸೂಲನ್ನು ನೀರಲ್ಲೇ ನುಂಗಿದೆ. ಟ್ಯೂಬಿನ ಔಷಧಿ ಹಚ್ಚಿ ಮಲಗಿದರೆ ಬೆಳಗ್ಗೆ ದಿಂಬಿನ ಹಸಿರು ಚೀಲದ ಮೇಲೆ ಬಿಳಿ ಮಚ್ಚೆಗಳು! ಮುಖ ಒರೆಸಿಕೊಂಡ ಅಪ್ಪಾಜಿಯ ಟವೆಲ್ಲೂ ಅಲ್ಲಲ್ಲಿ ಬೆಳ್ಳಗಾಗಿತ್ತು. ಬಟ್ಟೆ ವ್ಯಾಪಾರದವರು ಅವರು, ಟವೆಲ್ಲನ್ನು ಬೆಳಕಿಗೆ ಹಿಡಿದು "ಪಕ್ಕಾ ಬಣ್ಣ ಇದು, ಇದನ್ನೇ ತೆಗದೈತಲ್ಲ ಮಾರಾಯ್ತಿ" ಎಂದು ಬೆರಗಾದರು. ಅವ್ವನಿಗೆ ಸಂತೋಷವೋ ಸಂತೋಷ. ಬಟ್ಟೆ ಬಣ್ಣ ತೆಗೆಯುವುದಕ್ಕೆ ಮುಖದ ಕಲೆ ಯಾವ ಲೆಕ್ಕ ಎಂದು ಅವಳ ನಂಬಿಕೆ. ಆ ವಾರ ನಾನೂ ನಂಬಿದೆ.

ಅಷ್ಟರಲ್ಲಿ ಸೊರಬದಿಂದ ಮಾವ ಬಂದರು. ಸೊರಬ ಅವ್ವನ ತವರು. ಅವಳ ತಮ್ಮ ಅಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು, ಮನೆತನದಲ್ಲೇ ಹೆಚ್ಚು ಓದಿದವರು. ಕ್ಯಾಪ್ಸೂಲು ಎತ್ತಿ, ತಿರುಗಿಸಿ ನೋಡಿ ಕೇಳಿದರು.

"ಅಕ್ಕ, ಇದರ ಸಿಪ್ಪೆ ಎಂತದ್ರಲ್ಲಿ ಮಾಡ್ತಾರೆ ಗೊತ್ತನೇ ನಿಂಗೆ?"

"ಪ್ಲಾಸ್ಟಿಕ್ಕಲ್ಲೇನೋ?"

"ಎಂತ ಪ್ಲಾಸ್ಟಿಕ್ ಮಾರಾಯ್ತಿ. ದನದ್ದೋ ಎಂತದ್ದೋ ಮೂಳೆ ಬೇಯಿಸಿ ತೆಗೀತಾರೆ."

ಅವ್ವನ ಕೈ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. ನಮ್ಮ ಮನೆಯಲ್ಲಿ ಮೊಟ್ಟೆ ತಿಂದವರ ಪಕ್ಕ ಕೂತು ಬಂದರೂ ಸ್ನಾನ ಮಾಡಬೇಕಿತ್ತು. ಲಿಂಗ ಕಟ್ಟಿಕೊಂಡ ಮೈಯೊಳಗೆ ವಾರದಿಂದ ಮೂಳೆ ಹೋಗುತ್ತಿದೆ ಅಂದರೆ! ಔಷಧಿ ನಿಲ್ಲಿಸಿಯೇಬಿಡುತ್ತಾಳೆ ಎಂದು ನಾನು ಗಾಬರಿಬಿದ್ದೆ. ಮಾವನೇ ದಾರಿ ತೋರಿಸಿದರು. ಔಷಧಿ ಇರುವುದು ಒಳಗಿನ ಪುಡಿಯಲ್ಲಿ, ಸಿಪ್ಪೆ ಬರೀ ಡಬ್ಬಿ, ಬಿಚ್ಚಿ ಪುಡಿಯಷ್ಟೇ ಕೊಡು ಎಂದರು.

ಬಿಚ್ಚಿದರೆ ಹಳದಿ ಪುಡಿ. ನೀರಲ್ಲಿ ಕಲಸಿ ಕೊಟ್ಟಳು. ಅಬ್ಬಾ, ಆ ಕಹಿ! ಬೇವು ಅದರ ಮುಂದೆ ಬೆಲ್ಲ. ಬಾಯಿಗೆ ಹೋದದ್ದು ಅಷ್ಟೂ ಹೊರಗೆ ಬಂತು. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಅವ್ವ ಆಗಷ್ಟೇ ಕರೆದ ಎಮ್ಮೆ ಹಾಲು ಕಾಯಿಸಿ, ಸಕ್ಕರೆ ಹಾಕಿ, ಪುಡಿ ಉದುರಿಸಿ ಕದಡಿ ತಂದಳು. ಹೊಟ್ಟೆಯಲ್ಲಿ ನಿಂತಿತು.

"ಡಾಕ್ಟ್ರು ಖಾಲಿ ಹೊಟ್ಟೆ ಅಂದಿದ್ರಲ್ಲವ್ವ" ಎಂದು ನಾನು ಕೇಳಿದ್ದು ನೆನಪಿದೆ.

"ಹಾಲು ಹೊಟ್ಟಿಗೆ ಲೆಕ್ಕಲ್ಲ ಕಣೆ. ಸ್ವಾಮಾರದ ಉಪಾಸಕ್ಕೇ ನಡೀತೈತೆ, ಇದಕ್ಕೆ ನಡಿಯಲ್ವಾ?"

ನನಗೂ ಸರಿ ಅನ್ನಿಸಿತು. ಸುಳ್ಳೇಕೆ ಹೇಳಲಿ. ಶ್ರಾವಣದ ಸೋಮವಾರಗಳಲ್ಲಿ ಅವ್ವ ಇಡೀ ದಿನ ಉಪವಾಸ. ಒಂದು ಅಗುಳು ಬಾಯಿಗೆ ಹೋದರೂ ಕೆಟ್ಟಿತು, ಆದರೆ ಹಾಲು ಎಷ್ಟು ಕುಡಿದರೂ ಉಪವಾಸ ಉಪವಾಸವೇ. ಅಜ್ಜಿ, ಮುತ್ತಜ್ಜಿಯ ಕಾಲದಿಂದಲೂ ಖಾಲಿ ಹೊಟ್ಟೆ ಅಂದರೆ ಅನ್ನ ರೊಟ್ಟಿ ಇಲ್ಲದ ಹೊಟ್ಟೆ. ಮೇಲಾಗಿ ಇಂಗ್ಲಿಷ್ ಔಷಧಿ ಉಷ್ಣ, ಹಾಲು ತಂಪು. ಅಪ್ಪಾಜಿ ಒಪ್ಪಿದರು. ಸೊರಬದ ಮೇಷ್ಟ್ರು ಮಾವನೂ "ಅದೇ ಒಳ್ಳೇದು ಅಕ್ಕ, ಹೊಟ್ಟೆ ಉರಿಯಲ್ಲ" ಅಂದು ಹೊರಟರು. ಅವರಿಗೆ ಮೂಳೆಯ ವಿಷಯ ಗೊತ್ತಿತ್ತು. ಹಾಲಿನ ವಿಷಯ ಗೊತ್ತಿರಲಿಲ್ಲ.

ಅವತ್ತಿನಿಂದ ಒಂದು ಹೊತ್ತೂ ತಪ್ಪಲಿಲ್ಲ. ಬೆಳಗ್ಗೆ ನಾನು ಮುಖ ತೊಳೆದು ಬರುವಷ್ಟರಲ್ಲಿ ದೊಡ್ಡ ಲೋಟ ಹಿಡಿದು ನಿಂತಿರುತ್ತಿದ್ದಳು. ಕುಡಿದು ಕೊಟ್ಟರೆ ಲೋಟದ ತಳ ನೋಡಿ, ಅಂಟಿದ ಹಳದಿಗೆ ಇನ್ನೊಂದು ಸುತ್ತು ಹಾಲು ಹಾಕಿ ಅಲ್ಲಾಡಿಸಿ, "ಇದ್ನೂ ಕುಡಿ, ಔಷಧಿ ತಳದಾಗೇ ಐತೆ" ಅನ್ನುವಳು. ಸಂಜೆ ಮತ್ತೆ. ನೆಂಟರ ಮನೆಗೆ ಹೋದರೂ ಆ ಹೊತ್ತಿಗೆ ಯಾರದೋ ಮನೆಯ ಹಾಲು ಕೇಳಿ ಇಸಿದುಕೊಳ್ಳುತ್ತಿದ್ದಳು. ಎಮ್ಮೆ ಹಾಲು ಕಡಿಮೆ ಮಾಡಿದ ತಿಂಗಳಲ್ಲಿ ಅಪ್ಪಾಜಿಗೂ ತನಗೂ ಕರಿ ಚಹಾ ಮಾಡಿ, ನನ್ನ ಲೋಟ ಮಾತ್ರ ತುಂಬಿಸಿದಳು.

ಮುಖ ಕೆಟ್ಟಿತು. ಎರಡನೆಯ ತಿಂಗಳಲ್ಲಿ ಗದ್ದದ ಗಂಟುಗಳು ಒಂದಕ್ಕೊಂದು ಕೂಡಿಕೊಂಡು ಇನ್ನೂ ದೊಡ್ಡ ಗಂಟುಗಳಾದವು. ಮೂರನೆಯ ತಿಂಗಳು ಡಾಕ್ಟರು ನೋಡಿ ಹುಬ್ಬು ಗಂಟಿಕ್ಕಿದರು. ನನ್ನನ್ನೇ ದಿಟ್ಟಿಸಿ "ಮಾತ್ರೆ ಸರಿಯಾಗಿ ತಗೋತಾ ಇಲ್ಲ ನೀನು" ಎಂದರು. ಪ್ರಶ್ನೆಯಾಗಿ ಕೇಳಿದ್ದರೆ ಉತ್ತರ ಹೇಳುತ್ತಿದ್ದೆ. ಅವರು ತೀರ್ಮಾನವನ್ನೇ ಹೇಳಿಬಿಟ್ಟಿದ್ದರು. ನನಗೆ ರೇಗಿತು. "ತಗಂತಿದೀನಿ" ಎಂದೆ. "ಹುಡುಗೀರು ಹೀಗೇ ಹೇಳೋದು" ಎಂದು ಅವರು ದಿನಕ್ಕೆ ನಾಲ್ಕು ಬರೆದರು. ಅವ್ವ "ನಾನೇ ಕೈಯ್ಯಾರೆ ಕೊಡ್ತೀನ್ರೀ" ಅನ್ನುವಷ್ಟರಲ್ಲಿ ಮುಂದಿನ ರೋಗಿಯ ಹೆಸರು ಕೂಗಿಯಾಗಿತ್ತು.

ದಿನಕ್ಕೆ ನಾಲ್ಕು ಕ್ಯಾಪ್ಸೂಲು, ನಾಲ್ಕು ಲೋಟ ಹಾಲು. ಹೊಟ್ಟೆ ಉಬ್ಬರಿಸಿ ಊಟ ಸೇರದು. ಮುಖದಲ್ಲಿ ಮಾತ್ರ ಯಾವ ಬದಲಾವಣೆಯೂ ಇಲ್ಲ. ಹೇಳಿದ್ದನ್ನೆಲ್ಲ ಮಾಡುತ್ತಿದ್ದೇನೆ, ಆದರೂ ಆಗುತ್ತಿಲ್ಲ, ಆಗುತ್ತಿಲ್ಲ ಅಂದರೆ ತಪ್ಪು ನನ್ನದೇ ಅನ್ನುತ್ತಾರೆ. ಇನ್ನೇನು ಮಾಡಬೇಕು ಮನುಷ್ಯ? ಒಂದು ಬೆಳಗ್ಗೆ ಹಿತ್ತಿಲ ಬಾಗಿಲ ಬಿಸಿಲಿಗೆ ಕನ್ನಡಿ ಹಿಡಿದು ನೋಡಿದೆ. ಎಡಗಿವಿಯ ಮುಂದೆ, ಗಂಟು ಒಣಗಿ ಸಿಪ್ಪೆ ಉದುರಿದ ಕಡೆ, ಒಂದು ಗುಂಡಿ. ಜೋಳದ ಕಾಳು ಕೂರುವಷ್ಟು. ಕಿರುಬೆರಳ ತುದಿಯಿಟ್ಟರೆ ಅಂಚು ತಾಗುತ್ತಿತ್ತು. ಡಾಕ್ಟರು ಹೇಳಿದ ಆರು ತಿಂಗಳಲ್ಲಿ ನಾಲ್ಕು ಕಳೆದಿದ್ದವು. ನಾನು ಯಾರಿಗೂ ಹೇಳಲಿಲ್ಲ. ಕನ್ನಡಿಯನ್ನು ಮೊಳೆಗೆ ಹಾಕಿ ಕಾಲೇಜಿಗೆ ಹೋದೆ.

ಪರೀಕ್ಷೆಯ ಹಾಲ್ ಟಿಕೆಟ್ಟಿಗೆ ಫೋಟೋ ಬೇಕಿತ್ತು. ಸ್ಟುಡಿಯೋದವನು ಪುಣ್ಯಾತ್ಮ, ಕೇಳದೆಯೇ "ಟಚಪ್ ಮಾಡ್ಕೊಡ್ತೀನಿ ತಗಾ ತಂಗಿ" ಎಂದು ನೆಗೆಟಿವ್ ಮೇಲೆ ಅದೇನೋ ತಿದ್ದಿ, ಕಪ್ಪುಬಿಳುಪಿನಲ್ಲಿ ಮೊಟ್ಟೆಯಂಥ ನುಣುಪು ಮುಖ ಮಾಡಿ ಕೊಟ್ಟ. ನಾನು ಆ ಫೋಟೋವನ್ನು ಅದೆಷ್ಟು ಸಲ ತೆಗೆದು ನೋಡಿದೆನೋ. ಪರೀಕ್ಷೆಯ ಮೊದಲ ದಿನ ಬೇರೆ ಊರಿಂದ ಬಂದ ಮೇಲ್ವಿಚಾರಕರು ಹಾಲ್ ಟಿಕೆಟ್ ನೋಡಿದರು, ನನ್ನನ್ನು ನೋಡಿದರು, ಮತ್ತೆ ಹಾಲ್ ಟಿಕೆಟ್ ನೋಡಿದರು.

"ಏನಮ್ಮ, ಯಾರ ಬದಲಿಗೆ ಬರೆಯೋಕ್ ಬಂದಿದೀಯ?"

ಹಾಲ್ ಪೂರ್ತಿ ತಿರುಗಿ ನೋಡಿತು. ನಮ್ಮ ಕಾಲೇಜಿನ ಜವಾನನನ್ನು ಕರೆಸಿ, ಈ ಹುಡುಗಿ ಇವಳೇ ಎಂದು ಹೇಳಿಸಿದರು. ಅವನು ಪಾಪ ನೆಲ ನೋಡಿಕೊಂಡು "ಹೌದು ಸಾರ್, ಮುಖ ಹಿಂಗಾಗೈತೆ ಅಷ್ಟೇ" ಎಂದ. ಮೊದಲ ಅರ್ಧ ಗಂಟೆ ಪ್ರಶ್ನೆಪತ್ರಿಕೆಯ ಒಂದಕ್ಷರವೂ ನನಗೆ ಕಾಣಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಅವ್ವನ ಜತೆ ಸೊರಬಕ್ಕೆ ಮಾವನ ಮನೆಗೆ ಹೋದೆ. ಅಲ್ಲಿಗೆ ಆನವಟ್ಟಿ ಕಡೆಯ ಹೆಂಗಸೊಬ್ಬರು ಬಂದಿದ್ದರು. ಮಾವನ ಮನೆಗೆ ದೂರದ ನೆಂಟಸ್ತಿಕೆ, ಆಕೆಗೆ ಮದುವೆ ವಯಸ್ಸಿನ ಮಗ ಇದ್ದ ಎಂದು ಆಮೇಲೆ ತಿಳಿಯಿತು. ನಾನು ನೀರು ತಂದುಕೊಟ್ಟೆ. ಆಕೆ ಲೋಟ ಕೈಯಲ್ಲಿ ಹಿಡಿದು ನನ್ನ ಕೆನ್ನೆ ನೋಡುತ್ತಾ, ಬಹಳ ಮರುಕದಿಂದ ಅವ್ವನನ್ನು ಕೇಳಿದರು.

"ಸಣ್ಣೋಳಿದ್ದಾಗ ಅಮ್ಮ ಆಗಿತ್ತೇನ್ರೀ?"

ಅಮ್ಮ ಅಂದರೆ ಸಿಡುಬು. ನಾನು ಹುಟ್ಟುವ ಹೊತ್ತಿಗೆ ಸಿಡುಬು ಊರಲ್ಲೇ ಇರಲಿಲ್ಲ. ಆಕೆಗೆ ನನ್ನ ಗಂಟುಗಳು ಕಂಡಿರಲಿಲ್ಲ, ಗುಂಡಿಗಳು ಕಂಡಿದ್ದವು. ನಾನು ಒಬ್ಬಳೇ ಎಣಿಸಿಕೊಳ್ಳುತ್ತಿದ್ದ ಗುಂಡಿಗಳು ಈಗ ದೂರದಿಂದಲೇ ಗುರುತಾಗುವಷ್ಟು ಆಗಿದ್ದವು. ಅವ್ವ ನನ್ನ ಮುಖವನ್ನೇ ನೋಡಿದಳು. ಬಂಗಾರದಂಥಾಕಿ ಅನ್ನಲಿಲ್ಲ. ಮಾರನೆಯ ದಿನವೇ ನಾವು ಬಸ್ಸು ಹತ್ತಿ ಶಿಕಾರಿಪುರಕ್ಕೆ ಬಂದೆವು, ಡಾಕ್ಟರು ಬರುವ ದಿನವಿತ್ತು.

ಅವತ್ತು ಅವ್ವ ಜಗಳಕ್ಕೇ ಸಿದ್ಧವಾಗಿ ಹೋದಳು. ಡಾಕ್ಟರು ನನ್ನ ಮುಖ ನೋಡಿ, ಚೀಟಿ ನೋಡಿ, "ಐದೂವರೆ ತಿಂಗಳಾಯ್ತು. ತಗೊಂಡಿದ್ರೆ ಹೀಗಿರೋಕೆ ಸಾಧ್ಯ ಇಲ್ಲ" ಎಂದರು. ಅವ್ವ ಬೆಂಚಿನಿಂದ ಎದ್ದು ನಿಂತಳು.

"ಹಂಗನ್ಬ್ಯಾಡ್ರಿ ಡಾಕ್ಟ್ರೇ. ನನ್ನ ಲಿಂಗದ ಮ್ಯಾಲೆ ಆಣೆ, ಒಂದು ಹೊತ್ತು ತಪ್ಸಿಲ್ಲ. ನೀವು ಹೇಳ್ದಂಗೆ ಖಾಲಿ ಹೊಟ್ಟೇಲೇ ಕೊಟ್ಟೀನಿ. ಅಂಗ್ಡಿ ಹಾಲಲ್ಲ ಮತ್ತೆ, ನಮ್ಮನೆ ಎಮ್ಮೆ ಹಾಲು. ಗಟ್ಟಿ ಹಾಲಲ್ಲೇ ಕಲಸಿ ಕುಡ್ಸೀನಿ, ಒಂದು ಹನಿ ನೀರು ಸೋಕಿಸಿಲ್ಲ!"

ಡಾಕ್ಟರು ಪೆನ್ನು ಕೆಳಗಿಟ್ಟರು.

"ಹಾಲಲ್ಲಾ?"

"ಹೂಂ ರೀ. ದಿನಕ್ಕ ನಾಕು ಲೋಟ."

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಆಮೇಲೆ ನಿಧಾನವಾಗಿ, ಮಗುವಿಗೆ ಹೇಳುವಂತೆ ಹೇಳಿದರು. ಹಾಲಿನಲ್ಲಿರುವ ಸುಣ್ಣದ ಅಂಶ ಈ ಔಷಧಿಯನ್ನು ಹಿಡಿದುಕೊಂಡುಬಿಡುತ್ತದೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ಕುಡಿದ ಔಷಧಿಯ ಬಹುಪಾಲು ಮೈಗೆ ಹತ್ತದೆ ಹೊರಗೆ ಹೋಗಿದೆ. ಹಾಲು ಗಟ್ಟಿಯಾದಷ್ಟೂ ಕೆಟ್ಟದ್ದು. ನೀರಿನಲ್ಲಿ ಕೊಡಬೇಕಿತ್ತು.

ಅವ್ವ ನಿಂತೇ ಇದ್ದಳು.

"ಹಂಗಾರೆ ಈ ಗುಂಡಿ..." ಎಂದಳು. "ನೀರಲ್ಲಿ ಕೊಟ್ಟಿದ್ರೆ ಬೀಳ್ತಿರ್ಲಿಲ್ವಾ ಡಾಕ್ಟ್ರೇ?"

ಅವರು ನನ್ನ ಕೆನ್ನೆಯನ್ನು ಇನ್ನೊಮ್ಮೆ ನೋಡಿದರು. "ಹೇಳೋಕಾಗಲ್ಲಮ್ಮ. ಕೆಲವು ಬೀಳ್ತಿದ್ವೋ ಏನೋ. ಇಷ್ಟು ಬೀಳ್ತಿರಲಿಲ್ಲ" ಎಂದರು. ಮತ್ತೆ, ದನಿ ತಗ್ಗಿಸಿ, "ನಾನೂ ಕೇಳಬೇಕಿತ್ತು" ಎಂದರು. ಅದು ಅವರ ದೊಡ್ಡತನ, ಇವತ್ತು ಒಪ್ಪುತ್ತೇನೆ. ಅವತ್ತು ನನಗೆ ಕೇಳಿಸಿದ್ದು "ಇಷ್ಟು ಬೀಳ್ತಿರಲಿಲ್ಲ" ಒಂದೇ.

ಹೊರಗೆ ಬರುವಾಗ ಅವ್ವ ಹಿಂಬಾಗಿಲಿಗೆ ಹೋಗಲಿಲ್ಲ. ಮುಂಬಾಗಿಲಿಂದ, ಆ ಬೋರ್ಡಿನ ಕೆಳಗೇ, ನನಗೆ ಮುಸುಕು ಎಳೆಯುವುದನ್ನೂ ಮರೆತು ನಡೆದಳು. ಪೇಟೆ ಬೀದಿಯಲ್ಲಿ ಗುರುತಿನವರು ಮಾತಾಡಿಸಿದರೆ ತಿರುಗಲಿಲ್ಲ. ನಮ್ಮ ಬೀದಿಯ ತಿರುವಿಗೆ ಬಂದಾಗ ನಿಂತು ನನ್ನ ಕೈ ಹಿಡಿದಳು.

"ನಾನೇ ಮಾಡಿದ್ನೇನೇ ಮಗಾ?"

ಅವಳಿಗೆ ಬೇಕಿದ್ದದ್ದು "ಇಲ್ಲವ್ವ" ಎಂಬ ಒಂದು ಮಾತು. ನನಗೂ ಗೊತ್ತಿತ್ತು. ಐದೂವರೆ ತಿಂಗಳ ಹಾಲು, ನಿದ್ದೆಗಣ್ಣಿ, ಹಾಲ್ ಟಿಕೆಟ್ಟು, ಆನವಟ್ಟಿಯವಳ ಮರುಕ ಎಲ್ಲ ಒಟ್ಟಿಗೆ ಬಾಯಿಗೆ ಬಂತು.

"ಹೂಂ, ನೀನೇ. ನೀನೂ ನಿನ್ನ ಎಮ್ಮೆನೂ ಕೂಡಿ ನನ್ನ ಮುಖ ತಿಂದ್ರಿ."

ಕೈ ಬಿಟ್ಟಳು. ಮನೆಗೆ ಬಂದು ಎಂದಿನಂತೆ ಎಮ್ಮೆಗೆ ಹುಲ್ಲು ಹಾಕಿ, ಅಡಿಗೆ ಮಾಡಿ ಬಡಿಸಿದಳು. ಅಪ್ಪಾಜಿ ಕೇಳಿದಾಗ ನಡೆದದ್ದನ್ನು ತಾನೇ ಹೇಳಿದಳು, ನಾನಂದದ್ದನ್ನು ಬಿಟ್ಟು. "ಗೊತ್ತಿಲ್ದೆ ಆಗೈತೆ, ಬಿಡು" ಎಂದರು ಅಪ್ಪಾಜಿ. ಮಾರನೆಯ ದಿನದ ಔಷಧಿಗೆ ಅವ್ವ ಬರಲಿಲ್ಲ. ಅಪ್ಪಾಜಿ ನೀರು ತಂದರು. ಕ್ಯಾಪ್ಸೂಲು ಬಿಚ್ಚಲು ಹೋದಾಗ ಅಡಿಗೆಮನೆಯಿಂದ ಅವಳ ದನಿ ಬಂತು. "ಸಿಪ್ಪೆ ಸಮೇತ ನುಂಗ್ಲಿ ಬಿಡ್ರಿ. ಮೂಳೆನೇ ಹೋಗ್ಲಿ."

ಕ್ಯಾಪ್ಸೂಲು ಕೆಲಸ ಮಾಡಿತು. ಒಂದು ತಿಂಗಳಿಗೆ ಹೊಸ ಗಂಟು ಏಳುವುದು ಕಡಿಮೆಯಾಯಿತು, ಮೂರು ತಿಂಗಳಿಗೆ ನಿಂತೇ ಹೋಯಿತು. ಯಾರಾದರೂ ಕೇಳಿದರೆ ನಾನು ಆಗ ಕುಣಿಯುತ್ತಿದ್ದೆ ಅಂದುಕೊಂಡಾರು. ಇಲ್ಲ. ಒಂದೊಂದು ಗಂಟು ಒಣಗಿದಾಗಲೂ ಅದು ಅವ್ವನ ಮೇಲೆ ಸಾಕ್ಷಿ ಹೇಳಿದಂತಿತ್ತು. ನೀರಲ್ಲಿ ಕುಡಿದರೂ ಔಷಧಿ ಸೋತಿದ್ದರೆ ಅವಳು ಬಚಾವಾಗುತ್ತಿದ್ದಳು. ಈ ಹಾಳು ಔಷಧಿ ನಾಟದಿದ್ದರೆ ಸಾಕು ಎಂದು ಬೇಡಿಕೊಂಡ ದಿನಗಳೂ ಇದ್ದವು. ಅವ್ವ ನನ್ನ ಮುಖವನ್ನು ದೂರದಿಂದಲೇ ನೋಡಿ, "ಕಮ್ಮಿ ಆಗೈತೆ ಅಲ್ವಾ" ಅಂದು ಒಳಗೆ ಹೋಗುತ್ತಿದ್ದಳು. ಗುಂಡಿಗಳು ಹಾಗೇ ಉಳಿದವು. ಈಗಲೂ ಇವೆ.

ಒಂದು ಸಲ ನನಗೆ ಜ್ವರ ಬಂತು. ಮಾತ್ರೆ ಕೊಡವ್ವ ಅಂದೆ. ಮಾತ್ರೆ ತಂದಳು, ನೀರು ತಂದಳು, ಎರಡನ್ನೂ ನನ್ನ ತಲೆದಿಂಬಿನ ಹತ್ತಿರ ಇಟ್ಟು ಹಿಂದೆ ಸರಿದಳು. "ನೀನೇ ತಗ. ನನ್ನ ಕೈಯಿಂದ ಬ್ಯಾಡ" ಎಂದಳು. ಸಿಟ್ಟಿನಿಂದ ಅಂದದ್ದಲ್ಲ, ಅದೇ ಕಷ್ಟ. ಸಿಟ್ಟಾಗಿದ್ದರೆ ನಾನೂ ನಾಲ್ಕು ಮಾತಾಡಿ ಮುಗಿಸಬಹುದಿತ್ತು.

ದಶಕದ ಕೊನೆಯ ಹೊತ್ತಿಗೆ ನನಗೆ ಮದುವೆಯಾಗಿ ಮೊದಲ ಹೆರಿಗೆಗೆ ಶಿಕಾರಿಪುರಕ್ಕೇ ಬಂದೆ. ಹೆಣ್ಣು ಮಗು. ಎರೆಯುವುದು, ಸಾಂಬ್ರಾಣಿ ಹಾಕುವುದು, ಬಟ್ಟೆ ಒಗೆಯುವುದು ಎಲ್ಲ ಅವ್ವನೇ. ಮಗುವಿಗೆ ದಿನಕ್ಕೊಮ್ಮೆ ಹಾಕಲು ಡಾಕ್ಟರು ಡ್ರಾಪ್ಸ್ ಕೊಟ್ಟಿದ್ದರು. ಒಂದು ಮಧ್ಯಾಹ್ನ ನಾನು ಊಟಕ್ಕೆ ಕೂತಿದ್ದೆ, ಕೈ ಎಂಜಲು. ಮಗು ಅವ್ವನ ತೊಡೆಯ ಮೇಲಿತ್ತು.

"ಅವ್ವಾ, ಎರಡು ಹನಿ ಹಾಕಿಬಿಡು, ಹೊತ್ತಾತು."

ಅವ್ವ ಬಾಟಲಿ ಕೈಗೆ ತೆಗೆದುಕೊಂಡಳು. ಮುಚ್ಚಳ ಬಿಚ್ಚಿದಳು. ಆಮೇಲೆ ಅದನ್ನು ನನ್ನ ಕಡೆ ಚಾಚಿ ಹಿಡಿದಳು.

"ನೀ ಕೈ ತೊಳ್ಕಂಡು ಬಂದು ಹಾಕೇ. ನಾ ಹಾಕಾಂಗಿಲ್ಲ."

ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದೆ. ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಅವತ್ತು ಹೇಳಿಬಿಟ್ಟೆ. "ಅವ್ವಾ, ಅವತ್ತು ಬೀದಿ ತಿರುವಿನಾಗೆ ನಾ ಅಂದಿದ್ದು... ಸಿಟ್ಟಿಗೆ ಅಂದಿದ್ದು ಕಣವ್ವ. ಮನಸಿಗೆ ಹಚ್ಕಬ್ಯಾಡ."

ಅವ್ವ ಮಗುವಿನ ಕೆನ್ನೆಯನ್ನು ಬೆರಳ ಹಿಂಬದಿಯಿಂದ ಸವರುತ್ತಿದ್ದಳು. ತಲೆ ಎತ್ತಲಿಲ್ಲ.

"ಸಿಟ್ಟಿಗೇ ಅಂದಿದ್ದು. ನಂಗೂ ಗೊತ್ತೈತೆ" ಎಂದಳು. "ಸುಳ್ಳಂತೂ ಅನ್ಲಿಲ್ವಲ್ಲ ಮಗಾ ನೀನು."

ಎದ್ದು ಕೈ ತೊಳೆದುಕೊಂಡು ಬಂದು ಮಗುವಿನ ಬಾಯಿಗೆ ನಾನೇ ಎರಡು ಹನಿ ಹಾಕಿದೆ.